ಒಡ್ಡಿನ ಬಾಯಿಗೆ ಸಿಮೆಂಟು

ನನಗೆ ಸಿಟ್ಟು ಬೇಗ ಬರುತ್ತದೆ, ಇಳಿಯುವುದು ತಡ. ಇಳಿದದ್ದನ್ನು ತಾವಿನ್ನೂ ನೋಡಿಲ್ಲ ಎಂದು ನಮ್ಮ ಮನೆಯವರು ಬಂದವರ ಮುಂದೆಲ್ಲ ಹೇಳುತ್ತಾರೆ. ಅಂಥ ಸಿಟ್ಟಿನಲ್ಲೇ ನಾನೊಮ್ಮೆ ಹೊಲದ ಒಡ್ಡಿನ ಬಾಯಿಗೆ ಸಿಮೆಂಟು ಮೆತ್ತಿದೆ. ಸಿಟ್ಟು ಯಾರ ಮೇಲೆ ಎಂದರೆ, ಮಳೆಯ ಮೇಲೆ.

ನಮ್ಮ ಹೊಲ ಮುಶಿಗೇರಿ ಕಡೆಯ ಎರೆಭೂಮಿ. ಇಳಿಜಾರಿಗೆ ಅಡ್ಡಲಾಗಿ ಮಣ್ಣಿನ ಒಡ್ಡು, ಅದರ ತಗ್ಗು ಮೂಲೆಯಲ್ಲಿ ಕಲ್ಲಿನ ಬಾಯಿ. ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲು ಜೋಡಿಸಿದ ಈ ಬಾಯಿಗೆ ಗುಂಡಾವರ್ತಿ ಎನ್ನುತ್ತೇವೆ. ಹೆಚ್ಚಾದ ನೀರು ಸಂದಿಗಳಿಂದ ಸೋಸಿಕೊಂಡು ಕೆಳಗಿನ ಹೊಲಕ್ಕೆ ಇಳಿಯುತ್ತದೆ, ಮಣ್ಣು ನಮ್ಮಲ್ಲೇ ಉಳಿಯುತ್ತದೆ.

ಕೆಳಗಿನ ಹೊಲ ಕಾಕಾನದು. ಅವರು ನಮಗೆ ಸಂಬಂಧಿಕರೇನಲ್ಲ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ನನ್ನ ಗಂಡ ಹೊಲ ತೋರಿಸುತ್ತೇನೆಂದು ಕರೆದುಕೊಂಡು ಹೋಗಿ, ಎತ್ತಿಗೆ ನೀರು ಕುಡಿಸುವ ನೆಪದಲ್ಲಿ ನನ್ನನ್ನು ಒಡ್ಡಿನ ಮೇಲೇ ಮರೆತುಬಿಟ್ಟಿದ್ದರು. ಆಗ ಕಾಕಾ ಬಂದು ಹೊಲದ ನಾಲ್ಕೂ ಮೂಲೆ ತೋರಿಸಿದರು. ಅವತ್ತಿನಿಂದ ಆ ಮನುಷ್ಯನ ಮೇಲೆ ನನಗೆ ತವರಿನವರ ಮೇಲಿರುವಷ್ಟೇ ಪ್ರೀತಿ.

ಗುಂಡಾವರ್ತಿಯ ಒಂದು ಕಲ್ಲು ಅಲುಗಿಸಬೇಕೆಂದರೂ ಕೆಳಗಿನ ಹೊಲದವರನ್ನು ಕರೆಯಬೇಕು. ಎರಡೂ ಮನೆಯವರು ಒಡ್ಡಿನ ಮೇಲೆ ಕೂತು ರೊಟ್ಟಿ, ಬದನೆಕಾಯಿ ಪಲ್ಯ ತಿಂದು, ಕಲ್ಲು ಎಷ್ಟು ಎತ್ತರ ಇರಬೇಕೆಂದು ಮಾತಾಡಿ, ಆಮೇಲೆ ಕೈ ಹಚ್ಚಬೇಕು. ಮಾವನವರು ಇರುವತನಕ ಇದು ತಪ್ಪಿರಲಿಲ್ಲ. ತಪ್ಪಿಸಿದವಳು ನಾನು.

ಸತತ ಎರಡು ವರ್ಷ ಹಿಂಗಾರಿನಲ್ಲಿ ನೆಲದೊಳಗೆ ಹಸಿಯಿಲ್ಲದೆ ನನ್ನ ಕಡಲೆ ಗೇಣುದ್ದಕ್ಕೇ ನಿಂತುಹೋಯಿತು. ಇನ್ನು ಮುಂದೆ ಒಂದು ಹನಿಯನ್ನೂ ಹೊರಗೆ ಬಿಡುವುದಿಲ್ಲ ಎಂದು ಹಟ ಹಿಡಿದೆ. ಬೇಸಿಗೆಯಲ್ಲಿ ಬಾಯಿಯನ್ನು ಎರಡು ಗೇಣು ಎತ್ತರಿಸಿ, ಸಂದಿಗಳಿಗೆಲ್ಲ ಸಿಮೆಂಟು ತುಂಬಿದೆ. "ಕಾಕಾಗ ಒಂದ್ ಮಾತ್ ಹೇಳಬೇಕಿತ್ತ ನೋಡು" ಎಂದರು ಮನೆಯವರು. "ನೀವ ಹೇಳ್ರಿ" ಎಂದೆ. ಅವರೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಹೇಳಿದರೆ ಕಾಕಾ ಬೇಡ ಎನ್ನುತ್ತಾರೆಂದು ನನಗೆ ಗೊತ್ತಿತ್ತು.

ಈಗಿನ ಮಳೆಗೆ ಹದವೆಂಬುದೇ ಇಲ್ಲ. ತಿಂಗಳಿಡೀ ಮುಖ ತೋರಿಸುವುದಿಲ್ಲ, ಬಂದರೆ ತಿಂಗಳ ಬಾಕಿಯನ್ನೆಲ್ಲ ಒಂದೇ ಮಧ್ಯಾಹ್ನ ಸುರಿದು ಹೋಗುತ್ತದೆ. ಆ ಶ್ರಾವಣದಲ್ಲಿ ಹಾಗೇ ಆಯಿತು. ನಾವು ಗೋಣಿಚೀಲ ಹೊದ್ದು ಹೊಲಕ್ಕೆ ಓಡಿದಾಗ ಒಡ್ಡಿನ ಹಿಂದೆ ಕೆರೆಯಷ್ಟು ನೀರು ನಿಂತಿತ್ತು. ಸಿಮೆಂಟು ಗಟ್ಟಿಯಾಗಿತ್ತು, ಅದರ ಪಕ್ಕದ ಮಣ್ಣು ಕುಸಿಯುತ್ತಿತ್ತು. ಒಡ್ಡು ಒಡೆದರೆ ನಮ್ಮ ಮೇಲ್ಮಣ್ಣೆಲ್ಲ ಕಿತ್ತುಕೊಂಡು ಹೋಗಿ, ಕಾಕಾನ ಹೊಲದ ನಡುವೆ ಹಳ್ಳವೇ ಬೀಳುತ್ತಿತ್ತು. ಮಣ್ಣು ಹೋದರೆ ಎರಡು ಮನೆಗೂ ಉಳಿಯುವುದು ಏನೂ ಬೆಳೆಯದ ಬರೀ ಗರಸು.

ಅಷ್ಟರಲ್ಲಿ ಕೆಳಗಿನಿಂದ ಕಾಕಾ ಹಾರೆ ಹೊತ್ತು ಕೆಸರಿನಲ್ಲಿ ಜಾರುತ್ತ ಬಂದರು. ಅವರ ಹೊಲದಲ್ಲಿ ಹೆಸರುಕಾಳಿನ ಬೆಳೆ ಕಾಯಿ ಬಿಡಿಸಲು ಬಂದು ನಿಂತಿತ್ತು.

"ಒಡೀರಿ ಬಾಯಿನ! ಮ್ಯಾಲಿನ ಕಲ್ಲಿಂದ ಒಂದೊಂದ ತಗೀರಿ, ಲಗೂ!"

"ಕಾಕಾ, ನೀರೆಲ್ಲಾ ನಿಮ್ಮ ಹೆಸರಿನ ಮ್ಯಾಲ ಹೊಕ್ಕೈತಿ!"

"ಹೋಗ್ಲಿ ಬಿಡವಾ. ಹೆಸರ ಮುಂದಿನ ವರ್ಷಾನೂ ಬರ್ತಾವ. ಮಣ್ಣ ಬರ್ತೈತೇನು?"

ಅವರು ಹಾರೆ ಹಾಕಿದರು, ಮನೆಯವರು ಕಲ್ಲು ಎತ್ತಿದರು, ನಾನು ಸಿಮೆಂಟಿನ ಚೂರನ್ನು ಬರಿಗೈಯಲ್ಲೇ ಕಿತ್ತೆ. ನೀರು ಕಲ್ಲಿನ ಮೇಲಿಂದ ಧುಮುಕಿತು. ಒಡ್ಡು ಉಳಿಯಿತು. ಕಾಕಾನ ಹೆಸರಿನ ಬೆಳೆ ನಮ್ಮ ಕಣ್ಣೆದುರೇ ಮಲಗಿತು. ಅವರು ಹಾರೆಯನ್ನು ಮಳೆಯಲ್ಲೇ ತೊಳೆದುಕೊಂಡು, ಒಂದೂ ಬಿರುಸು ಮಾತಾಡದೆ ಮನೆಗೆ ಹೋದರು. ಬೈದಿದ್ದರೆ ನಾನು ಅವತ್ತು ಊಟ ಮಾಡುತ್ತಿದ್ದೆ.

ನೆಲ ಆರಿದ ಮೇಲೆ ರೊಟ್ಟಿ ಬುತ್ತಿ ಕಟ್ಟಿಕೊಂಡು, ಮನೆಯವರ ಜೊತೆ ಹೋಗಿ ಕಾಕಾನನ್ನು ಒಡ್ಡಿನ ಮೇಲಕ್ಕೆ ಕರೆದೆ. ಈ ಮಳೆಗೆ ಹಳೆಯ ಅಳತೆಯೂ ಸಾಲದು, ಬಾಯಿಯನ್ನು ಇನ್ನೂ ಅಗಲ ಮಾಡಬೇಕು ಎಂದರು ಅವರು. ಆಮೇಲೆ ತಮ್ಮ ಹೊಲಕ್ಕಿಳಿದು, ಬಾಯಿಯಿಂದ ಹೊಲದ ಕೆಳಗೆ ಹರಿಯುವ ಹಳ್ಳದವರೆಗೆ ಅಂಚಿನಗುಂಟ ಕಾಲಿನಿಂದ ಗೆರೆ ಎಳೆಯುತ್ತ ಹೊರಟರು. ಗೆರೆಗೂ ಅಂಚಿಗೂ ನಡುವೆ ಇನ್ನು ಬಿತ್ತುವುದಿಲ್ಲವಂತೆ. ಅಲ್ಲಿ ಹುಲ್ಲು ಬೆಳೆಸಿ, ನೀರಿಗೆ ದಾರಿ ಬಿಡುತ್ತಾರಂತೆ.

ನನಗೆ ತಡೆಯಲಾಗಲಿಲ್ಲ. "ತಪ್ಪ ಮಾಡಿದಾಕಿ ನಾನು, ಹೊಲ ನಿಮ್ಮದ ಯಾಕ ಹೋಗಬೇಕ ಕಾಕಾ? ನಿಮಗ ಹೇಳದ ಸಿಮೆಂಟ್ ಹಾಕಿದೆ. ಬೈರಿ ನನಗ" ಎಂದೆ.

ಕಾಕಾ ಗೆರೆ ಎಳೆಯುವುದನ್ನು ನಿಲ್ಲಿಸಿದರು. "ಹಾಕಿದ ಮರುದಿನಾನ ನೋಡೇನವಾ" ಎಂದರು.

"ಮತ್ತ ಆವತ್ತ ಯಾಕ ಕೇಳ್ಲಿಲ್ಲ?"

"ಎರಡ ವರ್ಷ ನಿನ್ನ ಕಡ್ಲಿ ಒಣಗಿದ್ದನ್ನೂ ನೋಡಿದ್ದೆ. ಈ ವರ್ಷನರೆ ನಿನ್ನ ಹೊಲದಾಗ ನಾಕ ಹನಿ ನಿಲ್ಲಲಿ ಅಂತ ಸುಮ್ನಿದ್ದೆ. ಖರೇ ಹೇಳಬೇಕಂದ್ರ, ಅವತ್ತ ನಾ ಬಂದು ಬೈಬೇಕಾಗಿತ್ತು. ಅರ್ಧ ತಪ್ಪ ನಂದೂ ಐತಿ."

ಯಾವ ಮಾತಿಗೂ ಎದುರುತ್ತರ ಇಟ್ಟುಕೊಂಡಿರುವ ನಾನು, ಅವತ್ತು ಒಡ್ಡಿನ ಮೇಲೆ ಕೂತು ಗಂಡನ ಎದುರೇ ಅತ್ತುಬಿಟ್ಟೆ. ಕಾಕಾ ಮತ್ತೆ ಗೆರೆ ಎಳೆಯತೊಡಗಿದರು, ಇನ್ನೂ ಒಂದು ಮಾರು ತಮ್ಮ ಹೊಲದ ಒಳಗಡೆಗೇ.