ಉಗುರಿನ ಹಡಗು

ಆ ಆಸ್ಪತ್ರೆಯ ಶವಾಗಾರದಲ್ಲಿ ಹೆಣ ತೊಳೆಯುವ ಹೆಂಗಸನ್ನು ಎಲ್ಲರೂ ಉಗುರಮ್ಮ ಎನ್ನುತ್ತಿದ್ದರು. ಕ್ಯಾಂಟೀನಿನವರು ಬೆನ್ನ ಹಿಂದೆ ಕಿಸಕ್ಕೆಂದು ನಗುವುದು ಅವಳಿಗೆ ಗೊತ್ತಿತ್ತು, ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಇಪ್ಪತ್ತೊಂದು ವರ್ಷ, ತನ್ನ ಕಲ್ಲಿನ ಮೇಜಿಗೆ ಬಂದ ಪ್ರತಿಯೊಬ್ಬರ ಇಪ್ಪತ್ತೂ ಉಗುರು ಕತ್ತರಿಸಿ, ಕಾಗದದಲ್ಲಿ ಸುತ್ತಿ, ಬಾಯ್ಲರಿನ ಬೆಂಕಿಗೆ ಹಾಕಿದವಳು ಅವಳು. ಹಾಗೆ ಮಾಡಬೇಕೆಂದು ಯಾರೂ ಹೇಳಿರಲಿಲ್ಲ.

ಹೇಳಿರಲಿಲ್ಲ ಎಂದರೆ ಪೂರ್ತಿ ನಿಜವಲ್ಲ. ಆ ಹುಚ್ಚು ಹಿಡಿಸಿದವರು ಒಬ್ಬ ಮೇಷ್ಟ್ರು. ಅವರ ಹೆಂಡತಿ ಮೇಜಿನ ಮೇಲೆ ಮಲಗಿದ್ದಾಗ ಬಂದು, ಕೈ ಹಿಸುಕಿಕೊಳ್ಳುತ್ತ, ಇವಳ ಉಗುರು ಸ್ವಲ್ಪ ಕತ್ತರಿಸುತ್ತೀರಾ ಎಂದು ಕೇಳಿದರು. ಯಾಕೆ ಎಂದರೆ ಒಂದು ಕಥೆ. ಹಿಂದೆ ಉತ್ತರದ ಹಿಮದ ನಾಡಿನಲ್ಲಿ ನಾರ್ಸ್ ಎಂಬ ಜನರಿದ್ದರಂತೆ. ಸತ್ತವರ ಉಗುರಿನಿಂದಲೇ ಒಂದು ಹಡಗು ತಯಾರಾಗುತ್ತಿದೆ, ಅದು ಮುಗಿದ ದಿನ ದೇವರುಗಳ ವೈರಿಗಳು ಅದನ್ನೇರಿ ಬರುತ್ತಾರೆ, ತೋಳ ಸೂರ್ಯನನ್ನು ನುಂಗುತ್ತದೆ, ಅಲ್ಲಿಗೆ ಲೋಕ ಮುಗಿಯಿತು ಎಂದು ನಂಬಿದ್ದರಂತೆ. ಬೆಳೆದ ಉಗುರಿನ ಹೆಣ ಕಳಿಸಿದವರು ಆ ಹಡಗಿಗೆ ಹಲಗೆ ಕೊಟ್ಟ ಹಾಗೆ. ಉಗುರಮ್ಮ ಅವತ್ತು ಒಳಗೊಳಗೇ ನಕ್ಕಳು. ಮರುದಿನ ಮನೆಯಿಂದ ಕತ್ತರಿ ತಂದಳು.

ಮೇಷ್ಟ್ರು ಆಮೇಲೆ ತಿಂಗಳಿಗೊಮ್ಮೆ ಬರತೊಡಗಿದರು. ನಾರ್ಸ್ ಜನರ ಪುರಾಣವನ್ನೂ ಸಾಗರದಾಚೆಯ ಅಜ್ಟೆಕ್ ಜನರ ಪುರಾಣವನ್ನೂ ಅಕ್ಕಪಕ್ಕ ಇಟ್ಟು ಪುಸ್ತಕ ಬರೆಯುತ್ತಿದ್ದರು. ಕೇಳುತ್ತಿದ್ದ ಒಂದೇ ಒಂದು ಕಿವಿ ಈ ಮೇಜಿನ ಮೇಲೆ ತಣ್ಣಗಾಗಿತ್ತಲ್ಲ, ಹಾಗಾಗಿ ಇವಳ ಪಕ್ಕ ಬೆಂಚಿನಲ್ಲಿ ಕೂತು ಹೇಳುತ್ತಿದ್ದರು. ಅಜ್ಟೆಕರ ಸೂರ್ಯ ತಾನಾಗಿ ಕದಲುವವನಲ್ಲ. ದೇವರುಗಳೇ ಪ್ರಾಣ ಕೊಟ್ಟು ಅವನನ್ನು ಹೊರಡಿಸಿದ್ದು, ಈಗ ಮನುಷ್ಯರು ರಕ್ತ ಕೊಡುತ್ತಲೇ ಇರಬೇಕು. ನಾರ್ಸ್ ದೇವರುಗಳಿಗೋ, ಕೊನೆಯ ಯುದ್ಧದಲ್ಲಿ ಸೋಲುವುದು ಮೊದಲೇ ಗೊತ್ತು, ಆದರೂ ಹೊರಡುತ್ತಾರೆ. ಎರಡೂ ಕಡೆ ದೇವರುಗಳದ್ದು ನಮ್ಮ ನರ್ಸಮ್ಮಂದಿರ ಪಾಡೇ, ಸೋತರೂ ಡ್ಯೂಟಿ ತಪ್ಪದು ಎಂದು ಉಗುರಮ್ಮ ತೀರ್ಪು ಕೊಟ್ಟಳು. ಮೇಷ್ಟ್ರು ಅದನ್ನೂ ಬರೆದುಕೊಂಡರು.

ಒಂದು ವಿಷಯದಲ್ಲಿ ಎರಡೂ ಪುರಾಣ ಒಂದೇ ಎಂದರು ಮೇಷ್ಟ್ರು ಒಮ್ಮೆ. ಹೇಗೆ ಬದುಕಿದೆ ಎಂದಲ್ಲ, ಹೇಗೆ ಸತ್ತೆ ಎಂದು ನೋಡಿ ಜಾಗ ಕೊಡುತ್ತಾರೆ. ಯುದ್ಧದಲ್ಲಿ ಬಿದ್ದವನು ಮೇಲಕ್ಕೆ, ಕಾಯಿಲೆಯಿಂದ ಸತ್ತವನು ಕೆಳಗಿನ ಕತ್ತಲೆಗೆ. ಆದರೆ ಹೆರಿಗೆಯಲ್ಲಿ ಸತ್ತ ಹೆಂಗಸು ಅಜ್ಟೆಕರಿಗೆ ಯೋಧರ ಸಮ. ನಡುಹಗಲಿನಿಂದ ಮುಳುಗುವ ತನಕ ಸೂರ್ಯನನ್ನು ಗರಿಯ ಪಲ್ಲಕ್ಕಿಯಲ್ಲಿ ಹೊರುವವಳು ಅವಳೇ. ನಾರ್ಸರಲ್ಲಿ ಅವಳಿಗೆ ಎಲ್ಲಿ ಜಾಗ ಎಂದು ಇವಳು ಕೇಳಿದಾಗ ಮೇಷ್ಟ್ರು ಬೆರಳನ್ನು ನೆಲದ ಕಡೆ ತೋರಿಸಿದರು. ಮುಂದಿನ ವರ್ಷ ಅವರೂ ಮೇಜಿಗೆ ಬಂದರು. ಪುಸ್ತಕ ಅರ್ಧಕ್ಕೇ ನಿಂತಿತು.

ಉಗುರಮ್ಮನಿಗೆ ಇದ್ದವಳು ಒಬ್ಬಳೇ ಮಗಳು. ತುಂಬು ಬಸುರಿ, ಬಗ್ಗಿದರೆ ಕಾಲು ಎಟುಕುತ್ತಿರಲಿಲ್ಲ. ಊರವರ ಉಗುರೆಲ್ಲ ಕತ್ತರಿಸುತ್ತೀ, ನನ್ನದನ್ನೂ ಒಂದಿಷ್ಟು ಕತ್ತರಿಸಮ್ಮ ಎಂದು ಛೇಡಿಸಿದ್ದಳು. ಭಾನುವಾರ ಬರುತ್ತೇನೆ ಎಂದಿದ್ದಳು ಇವಳು. ಶುಕ್ರವಾರವೇ ನೋವು ಬಂತು. ಅದೇ ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ಬೆಳಗ್ಗೆ ಆರಕ್ಕೆ ರಕ್ತ ಹೋಗಲು ಶುರುವಾದದ್ದು ನಿಲ್ಲಲಿಲ್ಲ. ದೊಡ್ಡ ಡಾಕ್ಟರು ಬಂದದ್ದು ಹತ್ತೂವರೆಗೆ. ಹನ್ನೊಂದಕ್ಕೆ ಮಗಳೂ ಹೋದಳು, ಒಳಗಿದ್ದ ಕೂಸೂ ಹೋಯಿತು.

ಬೇರೆಯವರು ತೊಳೆಯುತ್ತಾರೆ, ನೀನು ಹೊರಗಿರು ಎಂದರು. ಅವಳು ಒಪ್ಪಲಿಲ್ಲ. ತಲೆಯಿಂದ ಕಾಲಿನವರೆಗೆ ತಾನೇ ತೊಳೆದಳು. ಹೊಟ್ಟೆಯ ಹತ್ತಿರ ಕೈ ನಿಂತಿತು. ಮತ್ತೆ ನೀರು ಹೊಯ್ದುಕೊಂಡು ತೊಳೆದಳು. ಆಗ ಕಾಲ್ಬೆರಳಿಗೆ ಕಟ್ಟುವ ಚೀಟಿ ಬಂತು. ಅವಳಿಗೆ ಓದು ಅಷ್ಟಕ್ಕಷ್ಟೇ, ಆದರೆ ಸಾವಿನ ಕಾರಣಗಳನ್ನು ನೋಡಿ ನೋಡಿಯೇ ಗುರುತು ಹಿಡಿಯುತ್ತಿದ್ದಳು. ಹೃದಯದ ಕಾಯಿಲೆ ಎಂದು ಬರೆದಿತ್ತು. ಸುಳ್ಳು ಬರೆಯುವುದು ರೂಢಿಯಾದ ಕೈ, ಅಕ್ಷರ ದುಂಡಗಿತ್ತು.

ಅವಳು ಚೀಟಿ ಕಟ್ಟಲಿಲ್ಲ. ಕತ್ತರಿ ಹಿಡಿದು ಮೇಜಿನ ಪಕ್ಕ ಕಾವಲು ಕೂತಳು. ನಾಲ್ಕು ಗಂಟೆಗೆ ದೊಡ್ಡ ಡಾಕ್ಟರೇ ಇಳಿದು ಬಂದರು.

"ನನ್ನ ಮಗಳಿಗೆ ಹೃದಯದ ಕಾಯಿಲೆ ಇರ್ಲಿಲ್ಲ ಡಾಕ್ಟ್ರೇ. ಹೆರಿಗೇಲಿ ಹೋದ್ಲು ಅಂತ ಬರೀರಿ."

"ಏನು ಬರೆದ್ರೂ ಅವಳು ವಾಪಸ್ ಬರ್ತಾಳೇನಮ್ಮಾ?"

"ವಾಪಸ್ ಬರೋದನ್ನ ಕೇಳ್ತಿಲ್ಲ. ಎಲ್ಲಿಗೆ ಹೋಗ್ತಾಳೆ ಅನ್ನೋದು ಆ ಚೀಟಿ ಮೇಲೆ ನಿಂತಿದೆ."

ದುಃಖಕ್ಕೆ ತಲೆ ಕೆಟ್ಟಿದೆ ಎಂದುಕೊಂಡ ಡಾಕ್ಟರು, ಅಳಿಯ ಆಗಲೇ ಕಾಗದಕ್ಕೆ ಸಹಿ ಹಾಕಿದ್ದಾನೆ ಎಂದರು. ಅವಳ ಕೈಯಿಂದ ಚೀಟಿ ತೆಗೆದುಕೊಂಡು ತಾವೇ ಕಟ್ಟಿ ಹೋದರು. ಇಪ್ಪತ್ತೊಂದು ವರ್ಷದಲ್ಲಿ ಅವರು ಆ ಕೋಣೆಯಲ್ಲಿ ಕೈಯಾರೆ ಮಾಡಿದ ಕೆಲಸ ಅದೊಂದೇ.

ಕಿಟಕಿಯಲ್ಲಿ ಬಿಸಿಲು ಇಳಿಯುತ್ತಿತ್ತು. ಮಗಳ ಸರದಿಯ ಹೊತ್ತು, ಸೂರ್ಯನನ್ನು ಹೊರುತ್ತಿದ್ದಾಳೋ ಇಲ್ಲವೋ. ಉಗುರಮ್ಮ ಎರಡೂ ಪಾದಗಳನ್ನು ತೊಡೆಯ ಮೇಲಿಟ್ಟುಕೊಂಡಳು. ಹತ್ತೂ ಉಗುರು ಬೆಳೆದಿದ್ದವು. ಕತ್ತರಿಯ ಬಾಯಿ ತೆರೆದಳು. ಲೋಕವೆಲ್ಲ ಉಳಿಯಲೆಂದು ಅದು ತೆರೆದದ್ದು ಎಷ್ಟು ಸಾವಿರ ಸಲವೋ. ಕತ್ತರಿಯನ್ನು ಮುಚ್ಚಿ ಕೆಳಗಿಟ್ಟಳು.

ಹೆಣ ಒಯ್ಯಲು ಬಂದ ವ್ಯಾನಿನ ಡ್ರೈವರು ಬಾಗಿಲಲ್ಲಿ ನಿಂತು, ಉಗುರು ಬಿಟ್ಟುಹೋಯ್ತಲ್ಲಮ್ಮ ಎಂದು ಮೆಲ್ಲಗೆ ನೆನಪಿಸಿದ.

"ಇರ್ಲಿ ಬಿಡಪ್ಪ. ಹಡಗು ಬರ್ಲಿ," ಎಂದು ಅವಳು ಪಾದಕ್ಕೆ ಬಟ್ಟೆ ಎಳೆದಳು.

ಆಮೇಲೆ ಆ ಮೇಜಿಗೆ ಬಂದ ಯಾರ ಉಗುರನ್ನೂ ಅವಳು ಕತ್ತರಿಸಲಿಲ್ಲ. ಹೆಸರು ಮಾತ್ರ ಹಾಗೇ ಉಳಿಯಿತು.