ವೈನಿಗೆ ನಾನಿಟ್ಟ ಹೆಸರು

ವೈನಿ, ನಿಮಗೆ ‘ರೋಬೋಟ್’ ಎಂದು ಹೆಸರಿಟ್ಟವಳು ನಾನೇ. ಅಣ್ಣನಲ್ಲ, ಓಣಿಯ ಹುಡುಗರಲ್ಲ — ನಿಮ್ಮ ಕೈಯ ರೊಟ್ಟಿ ತಿಂದು ಕಾಲೇಜಿಗೆ ಹೋಗುತ್ತಿದ್ದ ಈ ನಾದಿನಿ.

ನೀವು ಬೀಳಗಿ ಕಡೆಯ ಊರಿನಿಂದ ನಮ್ಮ ಬನಹಟ್ಟಿಯ ಮಗ್ಗದ ಮನೆಗೆ ಬಂದ ಹೊಸತು. ನಗುತ್ತಿರಲಿಲ್ಲ, ಸಿಟ್ಟಾಗುತ್ತಿರಲಿಲ್ಲ, ಏನು ಕೇಳಿದರೂ ‘ಹೂಂರೀ’ ಎಂಬ ಒಂದೇ ದನಿ. ಟೀವಿಯಲ್ಲಿ ಬರುತ್ತಿದ್ದ ಮುಂದಿನ ಶತಮಾನದ ಕಥೆಯೊಂದರಲ್ಲಿ ಅಂಥದೇ ಯಂತ್ರದ ಹೆಣ್ಣೊಂದಿತ್ತು. ಹೆಸರು ಸಿಕ್ಕೇಬಿಟ್ಟಿತು. ಮನೆಯವರೆಲ್ಲ ಹೊಟ್ಟೆ ಹಿಡಿದು ನಕ್ಕರು. ನನಗೋ ಬಲು ಹೆಮ್ಮೆ.

ಆಮೇಲೆ ನಿಮ್ಮ ತವರೂರಿಗೆ ಆಣೆಕಟ್ಟಿನ ಹಿನ್ನೀರು ಹೊಕ್ಕ ಸುದ್ದಿ ಬಂತು. ನೀವು ಎಲ್ಲರಿಗೂ ಬಡಿಸಿ, ತಾಟು ತೊಳೆದಿಟ್ಟು, ಮಗ್ಗದ ಕೋಣೆಗೆ ಹೋದಿರಿ. ‘ಊರು ಮುಳುಗಿದ್ರೂ ಕಣ್ಣಾಗ ಒಂದ್ ಹನಿ ನೀರಿಲ್ಲ ನೋಡ್ರಿ. ಖರೇನ ರೋಬೋಟ್ ಐತಿ ಇದು’ ಎಂದೆ.

ಸ್ವಲ್ಪ ಹೊತ್ತಿಗೆ ನೂಲು ಸುತ್ತಿದ ಕಂಡಿಕೆಗಳ ಬುಟ್ಟಿ ಹಿಡಿದು ನಾನೂ ಆ ಕೋಣೆಗೆ ಬಂದೆ. ಮಗ್ಗಗಳ ಸದ್ದಿಗೆ ಬೇರೇನೂ ಕೇಳುವಂತಿರಲಿಲ್ಲ. ಅಷ್ಟರಲ್ಲಿ ಕರೆಂಟು ಹೋಯಿತು. ಮಗ್ಗಗಳೆಲ್ಲ ಗಪ್ಪಾದವು — ನಿಮ್ಮ ಅಳು ಮಾತ್ರ ನಿಲ್ಲಲಿಲ್ಲ. ‘ಯವ್ವಾ, ನಮ್ಮ ಮನಿ...’ ಎಂದು ಬಾಯಿಬಿಟ್ಟು ಅಳುತ್ತಿದ್ದಿರಿ. ಮಗ್ಗಗಳ ಸದ್ದನ್ನು ನಂಬಿ ದಿನಾ ಅಲ್ಲೇ ಅಳುತ್ತಿದ್ದಿರೋ ಏನೋ — ಕೇಳುವ ಧೈರ್ಯ ನನಗಾಗಲಿಲ್ಲ. ಬುಟ್ಟಿಯನ್ನು ಹೊಸ್ತಿಲಲ್ಲಿಟ್ಟು ಓಡಿದೆ. ಅದನ್ನು ನೋಡಿ, ನಾನು ಕೇಳಿಸಿಕೊಂಡೆನೆಂದು ನಿಮಗೆ ತಿಳಿದಿರಬೇಕು.

ಒಳಗೆ ಎಲ್ಲರೂ ಇದ್ದರು. ಹೇಳಬಹುದಿತ್ತು. ಹೇಳಿದರೆ ನನ್ನ ಚೇಷ್ಟೆಗೆ ಇನ್ನು ಯಾರೂ ನಗುವುದಿಲ್ಲ — ಕಾರಣ ಇಷ್ಟೇ, ಇದಕ್ಕಿಂತ ದೊಡ್ಡದೇನೂ ಇರಲಿಲ್ಲ. ಸಂಜೆ ನೀವು ಚಹಾ ತಂದಾಗ, ‘ರೋಬೋಟ್ ಬಂತು’ ಎಂದೆ.

ನಿಮ್ಮ ಮಗಳಿಗೆ ಮಾತು ಬಂದಾಗ ಅವಳೂ ನಿಮ್ಮನ್ನು ಹಾಗೆಯೇ ಕರೆದಳು, ‘ಅವ್ವ’ ಎನ್ನುವ ಮೊದಲೇ. ರೊಟ್ಟಿ ಬಡಿಯುತ್ತಿದ್ದ ನೀವು ತಿರುಗಿ, ‘ಏನ್ ಬೇಕ ನನ್ನವ್ವಾ?’ ಎಂದಿರಿ. ಆ ಹೆಸರಿಗೆ ಓಗೊಟ್ಟಿರಿ, ವೈನಿ. ನಾನು ಆ ದಿನವೂ ನಕ್ಕೆ.

ನಿಮ್ಮ ತವರೂರು ನೀರಿನಡಿ; ಊರಿನವರು ಎಲ್ಲೆಲ್ಲೋ ಚದುರಿದರು. ಮದುವೆಯಾಗಿ ಹೋದ ನಾನು ಮಾತ್ರ ಪ್ರತಿ ನಾಗರಪಂಚಮಿಗೆ ತವರೆಂದು ಬಂದು ನಿಮ್ಮ ಕೈಯ ಉಂಡಿ ತಿನ್ನುತ್ತೇನೆ. ಹೋದ ಸಲ ನಿಮ್ಮ ಮಗಳು — ಎಷ್ಟು ಎತ್ತರ ಬೆಳೆದಿದ್ದಾಳೆ — ನನ್ನ ಪಕ್ಕ ಕೂತು, ‘ನಮ್ಮವ್ವಗ ಅಳಾಕ ಬರೂದಿಲ್ಲ, ಅತ್ತಿ’ ಎಂದಳು. ನಾನು ಇನ್ನೊಂದು ಉಂಡಿ ಕೈಗೆತ್ತಿಕೊಂಡೆ.

ಈ ಸಲ ಉಂಡಿಗೆ ಕೈಯೊಡ್ಡುವ ಮೊದಲು, ನಿಮ್ಮ ಎದುರಿಗೇ ಅವಳಿಗೆ ಹೇಳುತ್ತೇನೆ — ಕರೆಂಟು ಹೋದ ದಿನ ನನಗೆ ಏನು ಕೇಳಿಸಿತೆಂದು.