ತೊಳೆದ ಹುಲ್ಲು

ಮೊನ್ನೆ ಷೆಡ್ಡಿನ ಮೂಲೆಯಿಂದ ಅಪ್ಪನ ಹಳೇ, ಕೈಯಲ್ಲಿ ತಳ್ಳಿ ಹುಲ್ಲು ಕತ್ತರಿಸುವ ಮಷಿನ್ನನ್ನು ಎಳೆದು ತೆಗೆದಾಗ, ಅದರ ಅಲಗುಗಳಿಂದ ಗ್ರೀಸು, ಒಣಹುಲ್ಲು, ಸಿಮೆಂಟಿನ ಧೂಳು ಮೂರೂ ಬೆರೆತ ವಾಸನೆ ಬಂತು. ಸೇಡಂನ ಮನೆಯಲ್ಲಿ ನಿಂತಿದ್ದವಳು ವಾಡಿಯ ಹತ್ತಿರದ ನಮ್ಮ ಹಳೇ ಕಾಲೊನಿಗೆ ಮನಸ್ಸಿನಲ್ಲೇ ಹೋಗಿಬಿಟ್ಟೆ. ಅಪ್ಪ ಅಲ್ಲಿಯ ಸಿಮೆಂಟ್ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ. ಕ್ವಾರ್ಟರ್ಸಿನ ಮುಂದಿನ ಅಂಗಳದಲ್ಲಿ ಅವ್ವ ಹುಲ್ಲು ಬೆಳೆಸಿದ್ದಳು. ಸುತ್ತ ಬೂದು ಫರಸಿ ಕಲ್ಲು, ಬೂದು ಛಾವಣಿ, ಬೂದು ಬೇವಿನ ಗಿಡ. ನಡುವೆ ಅದೊಂದು ಹಸಿರು, ಅದೂ ತೊಳೆದ ದಿನ ಮಾತ್ರ. ಪಾಳುಬಿದ್ದ ಆ ಮನೆಗಳಿಗೆ ಈಗ ಬಾಗಿಲೂ ಇಲ್ಲ.

ಹುಲ್ಲು ತೊಳೆಯುವುದೇ ಎಂದು ನೀವು ನಗಬಹುದು. ಎಲೆಯ ಮೇಲೆ ಕೂತ ಸಿಮೆಂಟಿನ ಧೂಳು ಇಬ್ಬನಿಗೆ ನೆನೆದಾಗ ಮಷಿನ್ ಓಡಿಸಿದರೆ, ಅಲಗಿಗೆ ಮೆತ್ತಿಕೊಂಡು ಮಧ್ಯಾಹ್ನದೊಳಗೆ ಕಲ್ಲಾಗಿ, ಉಳಿ ಹಾಕಿ ಒಡೆಯಬೇಕಾಗುತ್ತಿತ್ತು. ನಮ್ಮ ಮಷಿನ್ ಎರವಲು ಒಯ್ದ ಕಾಲೊನಿಯ ಹೊಸ ಸಂಸಾರಗಳೆಲ್ಲ ಒಮ್ಮೆ ಹೀಗೆ ಮಾಡಿಯೇ ಕಲಿತವು. ಹಾಗಾಗಿ ಶನಿವಾರ ಸಂಜೆ ಅವ್ವ ಕೂಸಿಗೆ ಎರೆದಂತೆ ಕೊಡದಿಂದ ನೀರು ಹಾಕಿ ಹುಲ್ಲು ತೊಳೆಯುತ್ತಿದ್ದಳು. ಭಾನುವಾರ ಬಿಸಿಲಿಗೆ ಅದು ಆರಿದ ಮೇಲೆ ಅಪ್ಪ ಮಷಿನ್ ಹಿಡಿದು, ಅಡುಗೆಮನೆಯ ಕಡೆ ತಿರುಗಿ ಕೇಳುತ್ತಿದ್ದ: “ಹುಲ್ಲು ತೊಳದೀಯೇನು?” ಕಣ್ಣಾರೆ ಕಂಡಿದ್ದರೂ ಕೇಳುತ್ತಿದ್ದ. “ತೊಳದೀನಿ, ನಡಸ್ರಿ,” ಎನ್ನುತ್ತಿದ್ದಳು ಅವ್ವ. ಆ ಉತ್ತರ ಬಾರದೆ ಮಷಿನ್ ಒಂದು ಗೇಣೂ ಮುಂದೆ ಹೋಗುತ್ತಿರಲಿಲ್ಲ.

ಹಳೇದು ಕೆಡುತ್ತಲೇ ಇರಲಿಲ್ಲ ಎಂದು ಹೊಗಳುವಷ್ಟು ಹುಮ್ಮಸ್ಸು ನನಗಿಲ್ಲ. ಕೆಡುತ್ತಿತ್ತು, ಅಪ್ಪ ಬೋಲ್ಟು ತಿರುಗಿಸುವ ಪಾನಾ ಹಿಡಿದು ಕೂತರೆ ಮತ್ತೆ ಓಡುತ್ತಿತ್ತು. ನಾನು ಕೊಂಡ ಕರೆಂಟಿನದು ಎರಡನೆಯ ಮಳೆಗಾಲಕ್ಕೇ ಸುಮ್ಮನಾಯಿತು. ಪೆಟ್ರೋಲಿನದು ಒಂದು ವರ್ಷ ಅಬ್ಬರಿಸಿ, ಆಮೇಲೆ ಹಗ್ಗ ಎಳೆದೆಳೆದು ನನ್ನ ರಟ್ಟೆ ಬಿದ್ದುಹೋದರೂ ಏಳಲಿಲ್ಲ. “ಇದರ ಸಾಮಾನ ಸಿಗಲ್ರಿ ಅಕ್ಕಾರ, ಹೊಸಾದು ತಗೊಂಬಿಡ್ರಿ,” ಅಂದ ಅಂಗಡಿಯವ. ಈ ತಗೊಂಬಿಡುವುದೇ ನನಗೆ ಸಾಕಾಗಿದೆ. ಆ ಪೆಟ್ರೋಲಿನದು ಓಡುತ್ತಿದ್ದಾಗಲೂ ಅಪ್ಪ ಕಿವಿ ಮುಚ್ಚಿಕೊಂಡು ಒಳಗೆ ಹೋಗಿಬಿಡುತ್ತಿದ್ದ. ಅಪ್ಪ ಈಗ ನನ್ನ ಜೊತೆಯೇ ಇದ್ದಾನೆ, ಆದರೆ ನಾನು ಯಾರೆಂದು ಅವನಿಗೆ ಗೊತ್ತಾಗುವುದಿಲ್ಲ. ಅವ್ವ ತೀರಿಕೊಂಡದ್ದೂ ನೆನಪಿಲ್ಲ. ಹೇಳಿದ ದಿನ ಊಟ ಬಿಡುತ್ತಾನೆ. ಮಾತೂ ಹೆಚ್ಚುಕಡಿಮೆ ನಿಂತೇ ಹೋಗಿದೆ. ಒಂದು ಸಲ ನನ್ನ ಹೆಸರು ಹಿಡಿದು ಕರೆದರೆ ಸಾಕೆಂದು ದಿನವೂ ಕಾಯುತ್ತೇನೆ, ಕಾದು ದಣಿದಿದ್ದೇನೆ.

ಹಳೇ ಮಷಿನ್ನಿಗೆ ಎಣ್ಣೆ ಬಿಟ್ಟು ಒಂದು ಮಾರು ತಳ್ಳಿದೆ. ಮೊದಲು ಕಿರುಗುಟ್ಟಿ, ಆಮೇಲೆ ಕಟಕಟ ಎಂದು ತಿರುಗಿತು. ಪಡಸಾಲೆಯ ಕುರ್ಚಿಯಲ್ಲಿದ್ದ ಅಪ್ಪ ತಲೆ ಎತ್ತಿದ.

“ಶಾಂತಾ,” ಎಂದ. “ನಿಮ್ಮವ್ವ ಹುಲ್ಲು ತೊಳದಾಳೇನು, ಕೇಳು.”

ನನ್ನ ಹೆಸರು ಬಂದಿತ್ತು, ಅವ್ವನನ್ನೂ ಕರೆದುಕೊಂಡು ಬಂದಿತ್ತು. ಮಷಿನ್ನನ್ನು ಅಲ್ಲೇ ನಿಲ್ಲಿಸಿದೆ.

“ತೊಳ್ಯಾಕತ್ತಾಳಪ್ಪ,” ಎಂದು ಹೇಳಿ, ಕೊಡ ತುಂಬಿಕೊಳ್ಳಲು ಹೋದೆ.